ಹಿಟ್ಟಿನ ಕೋಳಿಯೂ ತಂತಿಯ ಕ್ಷಿಪಣಿಯೂ

ಟ್ಯಾಂಕು ನಾಶಕ ಕ್ಷಿಪಣಿಗಳಲ್ಲಿ ತಂತಿಯ ಮೂಲಕ ನಡೆಸಲ್ಪಡುವ ಒಂದು ಜಾತಿಯುಂಟು. ಹಾರಿಸಿದ ಕೂಡಲೆ ಕ್ಷಿಪಣಿಯು ಕೂದಲೆಳೆಯಂಥ ತಂತಿಯನ್ನು ತನ್ನ ಹಿಂದೆ ಬಿಚ್ಚುತ್ತ ಸಾಗುತ್ತದೆ. ಹಾರಿಸಿದವನು ದುರ್ಬೀನಿನಲ್ಲಿ ಕಾಣುವ ಗುರಿಗೆರೆಯನ್ನು ಶತ್ರುವಿನ ಟ್ಯಾಂಕಿನ ಮೇಲೆ ಕದಲದಂತೆ ಹಿಡಿದಿರಬೇಕು. ಅವನ ದೃಷ್ಟಿ ಸರಿದರೆ ತಂತಿಯ ಮೂಲಕ ಹೋಗುವ ಆಜ್ಞೆಯೂ ಸರಿದು ಕ್ಷಿಪಣಿ ದಾರಿ ತಪ್ಪುತ್ತದೆ. 1970ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಭಾರತ್ ಡೈನಾಮಿಕ್ಸ್ ಸಂಸ್ಥೆಯು ಭಾರತೀಯ ಸೇನೆಗಾಗಿ ತಯಾರಿಸಿದ ಮಿಲಾನ್ ಮತ್ತು ಕೊಂಕರ್ಸ್ ಕ್ಷಿಪಣಿಗಳು ಈ ಜಾತಿಯವೇ. ಮಿಲಾನ್ ಎರಡು ಕಿಲೋಮೀಟರು ಕ್ರಮಿಸಲು ಸುಮಾರು 12-13 ಸೆಕೆಂಡು ಬೇಕು. ಕೊಂಕರ್ಸ್ ನಾಲ್ಕು ಕಿಲೋಮೀಟರು ಹೋಗಲು ಸುಮಾರು 20 ಸೆಕೆಂಡು. ಅಷ್ಟು ಹೊತ್ತೂ ಕಣ್ಣು ಅಲ್ಲಿಯೇ ನಟ್ಟಿರಬೇಕು.

ಇದೇ ಆಯುಧವು ಈಗ ಮಕ್ಕಳ ಆಟಿಕೆಯೂ ಆಗಿದೆ. 2005ರಲ್ಲಿ ಹೊರಬಂದ 'ಬ್ಯಾಟಲ್‌ಫೀಲ್ಡ್ 2' ಎಂಬ ಕಂಪ್ಯೂಟರ್ ಆಟದಲ್ಲಿ ಅಮೆರಿಕೆಯ ಟೋ ಎಂಬ ತಂತಿಯ ಕ್ಷಿಪಣಿಯನ್ನು ಮೌಸ್ ಹಿಡಿದು ನಡೆಸಬಹುದಾಗಿತ್ತು. ಆ ಮಾಲೆಯ ಮುಂದಿನ ಆಟಗಳಲ್ಲಿಯೂ ಅದು ಬಂದಿತು. ಟ್ಯಾಂಕು ಸಿಡಿದರೆ ಅಂಕಗಳು ಏರುತ್ತವೆ. ಒಳಗಿದ್ದವರು ಎಷ್ಟು ಜನ? ನಿಜವಾದ ಟಿ-72ರಲ್ಲಿ ಮೂವರಿರುತ್ತಾರೆ. ಪರದೆಯ ಮೇಲೆ ಅವರ ಮುಖ ಕಾಣುವುದಿಲ್ಲ, ಬೆಂಕಿ ಮಾತ್ರ ಕಾಣುತ್ತದೆ.

"ಇದು ಆಟ, ಯಾರೂ ಸಾಯುವುದಿಲ್ಲ" ಎಂಬುದು ಪಾಲಕರ ಸಿದ್ಧ ಉತ್ತರ. ವಿಜಯಪುರದ ಗಾಂಧಿ ಚೌಕಿನಿಂದ ಹಿಡಿದು ತಿಕೋಟಾ, ಬಬಲೇಶ್ವರಗಳ ತೋಟದ ಮನೆಗಳವರೆಗೆ ಈ ಉತ್ತರ ಒಂದೇ. ಈ ಉತ್ತರವನ್ನು ಜೈನರ ಮನೆಯಲ್ಲಿ ಕೇಳಬೇಕಾದುದು ಮಾತ್ರ ಆಶ್ಚರ್ಯ. ಏಕೆಂದರೆ ಕನ್ನಡದ ಜೈನಕವಿ ಜನ್ನನು ಇದೇ ಉತ್ತರವನ್ನು ತೂಗಿ ನೋಡಲು ಒಂದು ಕಾವ್ಯವನ್ನೇ ಬರೆದಿದ್ದಾನೆ. 1209ರ ಯಶೋಧರಚರಿತೆಯ ಅರಸನು ಜೀವಹಿಂಸೆಗೆ ಒಪ್ಪದವನು. ಆದರೂ ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು, ಮಾರಿಗೆ ಜೀವಂತ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿಗೊಟ್ಟನು. ಅದೂ 'ಯಾರೂ ಸಾಯದ' ಬಲಿಯೇ. ಫಲವೇನಾಯಿತು? ಮಗ ನವಿಲಾದನು, ತಾಯಿ ನಾಯಿಯಾದಳು. ಹಾಗೆ ಹಲವು ತಿರ್ಯಗ್ಜನ್ಮಗಳನ್ನು ತೊಳಲಿ, ಕಡೆಗೆ ಇಬ್ಬರೂ ಕೋಳಿಗಳಾಗಿಯೇ ಹುಟ್ಟಿ ಸತ್ತ ಬಳಿಕವಷ್ಟೇ ಮನುಷ್ಯಜನ್ಮ ದೊರೆಯಿತು. (ಕಂಪ್ಯೂಟರ್ ಆಟದಲ್ಲಿಯೂ ಸತ್ತವನು ಮತ್ತೆ ಹುಟ್ಟುತ್ತಾನೆ. ಕೆಲವೇ ಸೆಕೆಂಡುಗಳಲ್ಲಿ, ಅದೇ ದೇಹದಿಂದ, ಅದೇ ಬಂದೂಕಿನೊಡನೆ! ಕರ್ಮದ ಲೆಕ್ಕವಿಲ್ಲದ ಇಂಥ ಪುನರ್ಜನ್ಮವನ್ನು ಯಾವ ಆಗಮವೂ ಹೇಳಿಲ್ಲ.)

ಯಶೋಧರನ ಸಂಕಲ್ಪದಲ್ಲಿ ಬಲಿಯ ಭಾವವಿತ್ತು, ಆಡುವ ಹುಡುಗನಿಗೆ ಯಾರ ಮೇಲೂ ದ್ವೇಷವಿಲ್ಲವಲ್ಲ ಎಂದು ಕೇಳುವವರುಂಟು. ಪ್ರಶ್ನೆ ಯೋಗ್ಯವಾದುದೇ. ಆದರೆ ಶಾಸ್ತ್ರವು ಹಿಂಸೆಯ ಬೇರನ್ನು ದ್ವೇಷವೊಂದರಲ್ಲೇ ಹುಡುಕಿಲ್ಲ. ರೌದ್ರಧ್ಯಾನದ ನಾಲ್ಕು ಭೇದಗಳಲ್ಲಿ ಮೊದಲನೆಯದು ಹಿಂಸಾನಂದ, ಅಂದರೆ ಹಿಂಸೆಯಲ್ಲಿ ಸುಖಪಡುವುದು. ಅಲ್ಲಿ ಕೋಪ ಬೇಕಿಲ್ಲ, ಶತ್ರು ಬೇಕಿಲ್ಲ, ಆನಂದವಿದ್ದರೆ ಸಾಕು. ಇನ್ನು ಧ್ಯಾನವೆಂದರೇನು? ಚಿತ್ತವನ್ನು ಒಂದೇ ವಿಷಯದಲ್ಲಿ ತಡೆದು ನಿಲ್ಲಿಸುವುದು. ಅದು ಅಂತರ್ಮುಹೂರ್ತದವರೆಗೆ ಮಾತ್ರ ನಿಲ್ಲಬಲ್ಲುದೆಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಮುಹೂರ್ತವೆಂದರೆ 48 ನಿಮಿಷ. ಅಂತರ್ಮುಹೂರ್ತ ಅದಕ್ಕಿಂತ ಕಡಿಮೆ.

ಈ ಲಕ್ಷಣಗಳನ್ನು ತಂತಿಯ ಕ್ಷಿಪಣಿಗೆ ಹಚ್ಚಿ ನೋಡಬೇಕು. ಆಟದ ಬಂದೂಕಿನಲ್ಲಿ ಗುಂಡಿ ಒತ್ತಿದೊಡನೆ ಕೆಲಸ ಮುಗಿಯಿತು. ಅಲ್ಲಿ ಚಾಪಲ್ಯವಿದೆ, ಪ್ರಮಾದವಿದೆ. ತಂತಿಯ ಕ್ಷಿಪಣಿಯಲ್ಲಿ ಗುಂಡಿ ಒತ್ತಿದ ಮೇಲೆಯೇ ಕೆಲಸ ಆರಂಭ. ಓಡುತ್ತಿರುವ ಟ್ಯಾಂಕಿನ ಮೇಲೆ, ಅದು ಸಿಡಿಯುವ ಕ್ಷಣದವರೆಗೆ, ಉಸಿರು ಬಿಗಿಹಿಡಿದು ಚಿತ್ತವನ್ನು ನಿಲ್ಲಿಸಬೇಕು. ನಡುವೆ ಮನಸ್ಸು ಬದಲಿಸಿ ಕ್ಷಿಪಣಿಯನ್ನು ಬಯಲಿಗೆ ತಿರುಗಿಸುವ ಅವಕಾಶ ಪ್ರತಿ ಸೆಕೆಂಡಿಗೂ ಇದೆ. ಪ್ರತಿ ಸೆಕೆಂಡಿಗೂ ಆ ಅವಕಾಶವನ್ನು ನಿರಾಕರಿಸಲಾಗುತ್ತದೆ. ಸಾಮಾಯಿಕಕ್ಕೆ ಕುಳಿತರೆ ಐದು ಸೆಕೆಂಡೂ ನಿಲ್ಲದ ಮನಸ್ಸು ಇಲ್ಲಿ ನಿಲ್ಲುತ್ತದೆ. ಇದು ಏಕಾಗ್ರತೆಯಲ್ಲದೆ ಮತ್ತೇನು? ಮತ್ತು ಏತರ ಮೇಲಿನ ಏಕಾಗ್ರತೆ? ಸಂರಂಭ, ಸಮಾರಂಭ, ಆರಂಭವೆಂಬ ಮೂರನ್ನು ಮೂರು ಯೋಗಗಳಿಂದ, ಕೃತ-ಕಾರಿತ-ಅನುಮತಗಳಿಂದ, ನಾಲ್ಕು ಕಷಾಯಗಳಿಂದ ಗುಣಿಸಿದರೆ 108 ಆಗುತ್ತದೆ. ಜಪಮಾಲೆಯ ಮಣಿಗಳನ್ನು ಎಣಿಸುವ ಶ್ರಾವಕರಿಗೆ ಈ ಲೆಕ್ಕ ಹೊಸದಲ್ಲ. ಆ 108ರಲ್ಲಿ ಮನಸ್ಸಿನಿಂದ, ಮಾನಕಷಾಯದಿಂದ, ತಾನೇ ಮಾಡಿದ ಸಂರಂಭಕ್ಕೂ ಒಂದು ಮಣಿ ಇದೆ. ಅಂಕಪಟ್ಟಿಯಲ್ಲಿ ಮೊದಲಿಗನಾಗುವ ಹಂಬಲವು ಮಾನಕಷಾಯವಲ್ಲವೆಂದು ವಾದಿಸುವುದು ಕಷ್ಟ.

ಸೈನಿಕನನ್ನು ಈ ವಾದಕ್ಕೆ ಎಳೆಯಬಾರದು. ವಿಜಯಪುರದಲ್ಲಿ 1963ರಿಂದ ಸೈನಿಕ ಶಾಲೆಯಿದೆ. ಅಲ್ಲಿ ಕಲಿತು ಸೇನೆ ಸೇರಿದವರನ್ನು ಯಾವ ಶ್ರಾವಕನೂ ದೂಷಿಸುವುದಿಲ್ಲ. ಗೃಹಸ್ಥನು ತ್ಯಜಿಸಲೇಬೇಕಾದುದು ಸಂಕಲ್ಪೀ ಹಿಂಸೆಯನ್ನು. ದೇಶರಕ್ಷಣೆಗಾಗಿ ನಡೆಯುವ ವಿರೋಧೀ ಹಿಂಸೆಯನ್ನು ಅವನು ಪೂರ್ಣವಾಗಿ ಬಿಡಲಾರನೆಂದು ಆಚಾರಶಾಸ್ತ್ರ ಒಪ್ಪಿದೆ. ನಿಜವಾದ ಮಿಲಾನ್ ಹಾರಿಸಿದ ಯೋಧನಿಗೆ ಆ 12 ಸೆಕೆಂಡುಗಳು ಸುಖದವಲ್ಲ. ಹಾರಿಸಿದ ಹೊಗೆ, ಧೂಳುಗಳು ಅವನ ನೆಲೆಯನ್ನು ಶತ್ರುವಿಗೆ ತೋರಿಸಿಕೊಟ್ಟಿರುತ್ತವೆ. ಗುಂಡು ಬಂದರೂ ಅವನು ಕಣ್ಣು ಕದಲಿಸುವಂತಿಲ್ಲ. ಅವನಲ್ಲಿ ಭಯವಿದೆ, ಕರ್ತವ್ಯವಿದೆ, ಬಹುಶಃ ಪಶ್ಚಾತ್ತಾಪವೂ ಇದೆ. ಆಟವು ಇವೆಲ್ಲವನ್ನೂ ಸೋಸಿ ತೆಗೆದು ಆನಂದವೊಂದನ್ನೇ ಉಳಿಸಿಕೊಡುತ್ತದೆ.

ಮಲಿಕ್-ಎ-ಮೈದಾನ್ ತೋಪಿನ ಬಳಿ ಮಕ್ಕಳು ಆಡುವುದಿಲ್ಲವೇ ಎಂದು ಕೇಳಿದರೆ, ಆಡುತ್ತಾರೆ. 1549ರಲ್ಲಿ ಎರಕಗೊಂಡ, 55 ಟನ್ ತೂಕದ್ದೆಂದು ಹೇಳುವ ಆ ತೋಪಿನ ಸಿಂಹಮುಖವನ್ನು ಮುಟ್ಟುವ ಮಗುವಿನ ಮನಸ್ಸಿನಲ್ಲಿ ಕೊಲ್ಲುವ ಭಾವವಿಲ್ಲ, ಬೆರಗು ಮಾತ್ರ ಇದೆ. ಆಯುಧದ ಸಾಮೀಪ್ಯ ದೋಷವಲ್ಲ, ಪರಿಣಾಮವೇ ದೋಷ.

2019ರ ಸೆಪ್ಟೆಂಬರಿನಲ್ಲಿ ಬೆಳಗಾವಿ ಬಳಿಯ ಕಾಕತಿಯಲ್ಲಿ, ಪಬ್ಜಿ ಆಟಕ್ಕೆ ಅಡ್ಡಿಪಡಿಸಿದ ತಂದೆಯನ್ನು ಮಗನೇ ಕೊಂದ ಪ್ರಕರಣವನ್ನು ಹಲವರು ಉದಾಹರಿಸುತ್ತಾರೆ. ಆ ಒಂದು ಮನೆಯ ದುರಂತವನ್ನು ಆಡುವವರೆಲ್ಲರ ತಲೆಗೆ ಕಟ್ಟುವುದು ನ್ಯಾಯವಲ್ಲ. ಇಂಥ ಆಟಗಳಿಂದ ನಿಜವಾದ ಹಿಂಸಾಕೃತ್ಯಗಳು ನಡೆಯುತ್ತವೆಂಬುದಕ್ಕೆ ಸಾಕಷ್ಟು ಆಧಾರವಿಲ್ಲವೆಂದು ಅಮೆರಿಕೆಯ ಮನೋವಿಜ್ಞಾನ ಸಂಘವೇ 2020ರಲ್ಲಿ ಹೇಳಿದೆ. ಹಾಗೆಯೇ ಇರಲಿ. ಹಿಟ್ಟಿನ ಕೋಳಿ ಕೊಯ್ದ ಯಶೋಧರನೂ ಆಮೇಲೆ ಯಾವ ನಿಜವಾದ ಕೋಳಿಯನ್ನೂ ಕೊಯ್ಯಲಿಲ್ಲ. ದೋಷವು ಮುಂದೆ ನಡೆಯಬಹುದಾದ ಕೊಲೆಯಲ್ಲಿ ಇರಲಿಲ್ಲ, ಆಗಲೇ ನಡೆದುಹೋದ ಭಾವದಲ್ಲಿತ್ತು.

ಸರಕಾರದಿಂದ ಈ ವಿವೇಕವನ್ನು ನಿರೀಕ್ಷಿಸುವುದು ವ್ಯರ್ಥ. 2020ರಲ್ಲಿ ಪಬ್ಜಿ ನಿಷೇಧಗೊಂಡದ್ದು ದೇಶದ ಭದ್ರತೆ ಮತ್ತು ಮಾಹಿತಿಯ ಸೋರಿಕೆಯ ಕಾರಣಕ್ಕೆ. 2021ರಲ್ಲಿ ಅದು ಹೊಸ ಹೆಸರಿನಿಂದ ಬಂದಾಗ ರಕ್ತಕ್ಕೆ ಹಸಿರು ಬಣ್ಣ ಬಳಿದುಕೊಂಡು ಬಂದಿತು. ಹಿಟ್ಟಿನ ಕೋಳಿಗೆ ಇದಕ್ಕಿಂತ ಒಳ್ಳೆಯ ಟೀಕೆಯನ್ನು ಯಾವ ಪಂಡಿತನೂ ಬರೆಯಲಾರ! 2025ರ ಆಗಸ್ಟಿನ ಆನ್‌ಲೈನ್ ಗೇಮಿಂಗ್ ಕಾಯಿದೆ ಹಣ ಹೂಡುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಎಂಬುದಕ್ಕೆ ಮನ್ನಣೆ ಕೊಟ್ಟಿತು. ಜೇಬಿನ ನಷ್ಟ ಕಾಯಿದೆಗೆ ಕಾಣುತ್ತದೆ. ಅದು ಸರಿಯೇ, ಜೂಜು ಸಪ್ತವ್ಯಸನಗಳಲ್ಲಿ ಒಂದು. ಆತ್ಮದ ನಷ್ಟ ಕಾಯಿದೆಯ ಖಾತೆಯಲ್ಲಿ ಬರುವುದಿಲ್ಲ, ಬರಬೇಕೆಂದು ಬಯಸುವುದೂ ತಪ್ಪು. ಅದು ಮನೆಯ ಖಾತೆ.

ಆ ಮನೆಯಲ್ಲಿ ನಡೆಯುವುದೇನು? ನೀರು ಸೋಸಿ ಕುಡಿಯುತ್ತಾರೆ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುತ್ತಾರೆ. ದಶಲಕ್ಷಣ ಪರ್ವದಲ್ಲಿ ಹಸಿರು ಕಾಯಿಪಲ್ಯವನ್ನೂ ಬಿಡುವವರುಂಟು. ಅದೇ ಹೊತ್ತಿಗೆ ಒಳಕೋಣೆಯಲ್ಲಿ ಮಗನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಟ್ಯಾಂಕಿಗಾಗಿ ಹೊಂಚುತ್ತಿರುತ್ತಾನೆ. ಆ ಕಂಪ್ಯೂಟರು ಹೆಚ್ಚು ಅಂಕ ಗಳಿಸಿದ್ದಕ್ಕೆ ತಂದೆಯೇ ಕೊಡಿಸಿದ ಬಹುಮಾನ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಐದು ಅನರ್ಥದಂಡಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಅಪಧ್ಯಾನವು ಮಗನ ಪಾಲಿಗೆ ಬರುತ್ತದೆ. ಹಿಂಸೆಯ ಉಪಕರಣವನ್ನು ಒದಗಿಸುವ ಹಿಂಸಾದಾನವು ಕೊಡಿಸಿದವನ ಪಾಲಿಗೆ.

ಸ್ಪರ್ಧೆಯನ್ನು ಜೈನಪರಂಪರೆ ಎಂದೂ ಹಳಿದಿಲ್ಲ. ಪಂಪನ ಆದಿಪುರಾಣದಲ್ಲಿ ಭರತ-ಬಾಹುಬಲಿಯರ ಸೈನ್ಯಗಳು ಎದುರಾದಾಗ, ಸೈನಿಕರ ಪ್ರಾಣ ಉಳಿಸಲು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳು ನಿಶ್ಚಯವಾದವು. ದೃಷ್ಟಿಯುದ್ಧದಲ್ಲಿಯೂ ಎವೆಯಿಕ್ಕದೆ ಎದುರಾಳಿಯನ್ನೇ ನೋಡಬೇಕು, ತಂತಿಯ ಕ್ಷಿಪಣಿಯವನಂತೆಯೇ. ಸೋತವನು ಮಾತ್ರ ಅಲ್ಲಿ ಕಣ್ಣು ಮಿಟುಕಿಸಿ ಬದುಕಿರುತ್ತಾನೆ. ವಿಜಯಪುರದ ಮಕ್ಕಳಿಗೆ ಕುಸ್ತಿಯಿದೆ, ಕಬಡ್ಡಿಯಿದೆ. ಕಂಪ್ಯೂಟರೇ ಬೇಕೆಂದರೆ ಚದುರಂಗ, ಮೋಟಾರು ಓಟ, ಊರು ಕಟ್ಟುವ ಆಟಗಳು ಅದೇ ಅಂಗಡಿಯಲ್ಲಿ ದೊರೆಯುತ್ತವೆ, ಬೆಲೆಯೂ ಹೆಚ್ಚೇನಲ್ಲ.