ಸಾಲು ರಜೆಯ ಪ್ರವಾಸ ಮತ್ತು ಬಂದರಿನ ಮಸೀದಿಯ ಪಾಠ

ಸಾಲು ರಜೆ ಬಂತೆಂದರೆ ನಮ್ಮ ಭಾಗದ ಕುಟುಂಬಗಳು ಈಗ ಕರಾವಳಿಯ ದಾರಿ ಹಿಡಿಯುತ್ತವೆ. ಜೈನಾಪುರ, ಬಬಲೇಶ್ವರ, ತಿಕೋಟಾದ ಬಯಲಿನಲ್ಲಿ ಬೆಳೆದ ಮಕ್ಕಳಿಗೆ ಸಮುದ್ರವೆಂದರೆ ಬೆರಗು. ಇದನ್ನು ದುಂದುವೆಚ್ಚವೆಂದು ಹಳಿಯುವ ಹಿರಿಯರೂ ಇದ್ದಾರೆ. ಸಾಲ ಮಾಡಿ, ನಮಾಝ್ ಬಿಟ್ಟು ಸುತ್ತಾಡುವುದಾದರೆ ಅವರ ಮಾತು ನಿಜ. ಆದರೆ ಭೂಮಿಯಲ್ಲಿ ಸಂಚರಿಸಿ ಸೃಷ್ಟಿಯನ್ನು ಗಮನಿಸಬೇಕೆಂದು ಪವಿತ್ರ ಕುರ್‌ಆನ್ (29:20) ಬೋಧಿಸುತ್ತದೆ. ಪ್ರಯಾಣಿಕನಿಗಾಗಿ ನಾಲ್ಕು ರಕಅತ್‌ಗಳ ಫರ್ಝ್ ನಮಾಝನ್ನು ಎರಡಕ್ಕೆ ಇಳಿಸಿದ ಧರ್ಮವು ಪ್ರಯಾಣವನ್ನು ಹೇಗೆ ತಾನೇ ಹಳಿದೀತು? ಹೋದವರು ಏನನ್ನು ಕಲಿತು ಮರಳುತ್ತಾರೆ ಎಂಬುದೇ ಮುಖ್ಯ.

ಇತ್ತೀಚೆಗೆ ಮೂರು ದಿನಗಳ ರಜೆಯಲ್ಲಿ ನಾವು ಮನೆಯವರೊಡನೆ ಮಂಗಳೂರಿಗೆ ಹೋಗಿದ್ದೆವು. ರಾತ್ರಿಯಿಡೀ ಓಡಿದ ರೈಲು ಸಕಲೇಶಪುರದ ಘಟ್ಟ ಇಳಿದು ನಮ್ಮನ್ನು ಅಲ್ಲಿ ತಲುಪಿಸಿತು. ಪಣಂಬೂರಿನ ಅಲೆಗಳಲ್ಲಿ ಮಕ್ಕಳು ಮನದಣಿಯೆ ಆಡಿದರು. ಮರುದಿನ ಬಂದರಿನ ಝೀನತ್ ಬಕ್ಷ್ ಜುಮಾ ಮಸೀದಿಗೆ ಹೋದೆವು. ಹಿಜರಿ 22ರಲ್ಲಿ ಅರಬ್ ಧರ್ಮಪ್ರಚಾರಕರು ಇದನ್ನು ಸ್ಥಾಪಿಸಿದರೆಂಬುದು ಅಲ್ಲಿನವರ ನಂಬಿಕೆ. ಟಿಪ್ಪು ಸುಲ್ತಾನ್ ಇದನ್ನು ನವೀಕರಿಸಿದನೆಂದೂ ಆತನ ಮಗಳ ಹೆಸರೇ ಮಸೀದಿಗೆ ಬಂದಿತೆಂದೂ ಹೇಳುತ್ತಾರೆ.

ನಮ್ಮ ಮಕ್ಕಳು ಗೋಲ ಗುಮ್ಮಟವನ್ನು ನೋಡುತ್ತ ಬೆಳೆದವರು. 1656ರಲ್ಲಿ ನಿರ್ಮಾಣಗೊಂಡ ಮುಹಮ್ಮದ್ ಆದಿಲ್ ಶಾಹನ ಆ ಸಮಾಧಿಯೇ ಅವರಿಗೆ ಹಿರಿಮೆಯ ಅಳತೆಗೋಲು. ಬಂದರಿನಲ್ಲಿ ಅವರು ಕಂಡದ್ದು ಕೆತ್ತನೆಯ ಮರದ ಕಂಬಗಳನ್ನು. ಕರಾವಳಿಗೆ ಇಸ್ಲಾಮ್ ಬಂದದ್ದು ಅರಸರ ದಂಡಿನೊಂದಿಗಲ್ಲ, ವ್ಯಾಪಾರಿಗಳ ಹಡಗಿನಲ್ಲಿ. ಅಲ್ಲಿನ ಬ್ಯಾರಿ ಸಮುದಾಯದ ಹೆಸರೇ ತುಳುವಿನ 'ಬ್ಯಾರ', ಅಂದರೆ ವ್ಯಾಪಾರ ಎಂಬ ಪದದಿಂದ ಬಂದಿದೆಯೆಂದು ಹಲವರು ಹೇಳುತ್ತಾರೆ. ತಕ್ಕಡಿಯ ಪ್ರಾಮಾಣಿಕತೆಯೂ ಧರ್ಮಪ್ರಚಾರವೇ ಎಂದು ಮಕ್ಕಳಿಗೆ ತಿಳಿಹೇಳಿದೆವು.

ಆದರೆ ಆ ಪ್ರವಾಸದ ದೊಡ್ಡ ಪಾಠ ನಮಗೇ ಕಾದಿತ್ತು. ಕರಾವಳಿಯ ಮುಸ್ಲಿಮರು ಹೆಚ್ಚಾಗಿ ಶಾಫಿಈ ಮದ್‌ಹಬ್‌ನವರು; ನಾವು ಹನಫಿಗಳು. ಅಸರ್ ಅಝಾನ್ ನಮ್ಮೂರಿನ ಹೊತ್ತಿಗಿಂತ ಮೊದಲೇ ಕೇಳಿಸಿತು. ಮಗ್ರಿಬ್‌ನಲ್ಲಿ ಇಮಾಮರು ಸೂರಃ ಫಾತಿಹಾ ಮುಗಿಸುತ್ತಲೇ ಇಡೀ ಸಾಲು ಗಟ್ಟಿಯಾಗಿ ಆಮೀನ್ ಎಂದಿತು. ಹೊರಬಂದ ಮೇಲೆ ಮಗ ಕೇಳಿದ: "ಅಬ್ಬಾ, ಇವರೆಲ್ಲ ತಪ್ಪು ಮಾಡಿದರೇ?"

ನಮಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಕಾರಣವಿತ್ತು. ಹಲವು ವರ್ಷಗಳ ಹಿಂದೆ ಕೆಲಸಕ್ಕೆಂದು ಕರಾವಳಿಯಿಂದ ಬಂದ ಕುಟುಂಬವೊಂದರ ಹುಡುಗ ನಮ್ಮಲ್ಲಿ ಓದುತ್ತಿದ್ದ. ಅವನು ಜಮಾಅತ್‌ನಲ್ಲಿ ಗಟ್ಟಿಯಾಗಿ ಆಮೀನ್ ಎಂದಾಗ ಎಲ್ಲರೆದುರು ಗದರಿದ್ದೆವು. ಮನೆಯಲ್ಲಿ ಕಲಿತದ್ದನ್ನೇ ಮಾಡುತ್ತಿದ್ದನೆಂಬುದು ನಮಗೆ ತಿಳಿಯದ ಸಂಗತಿಯೇನಲ್ಲ. ನಾಲ್ಕು ಇಮಾಮರ ದಾರಿಗಳೂ ಸತ್ಯದವೇ ಎಂದು ಮದ್ರಸಾದಲ್ಲಿ ಓದಿಯೇ ಬಂದವರು ನಾವು. ಆದರೆ ಆ ಅರಿವು ಪುಸ್ತಕದಲ್ಲೇ ಉಳಿದಿತ್ತು. ಹುಡುಗ ಕ್ರಮೇಣ ಬರುವುದನ್ನೇ ಬಿಟ್ಟ. ಮುಂದೆ ಆ ಕುಟುಂಬವೂ ಊರು ಬಿಟ್ಟಿತು. ಕ್ಷಮೆ ಕೇಳಲು ಇಂದು ನಮಗೆ ಅವರ ವಿಳಾಸವೂ ತಿಳಿದಿಲ್ಲ.

ಅಂದು ಆ ಹುಡುಗ ಒಬ್ಬನೇ ನಿಂತಿದ್ದ ಜಾಗದಲ್ಲಿ ಇಂದು ನಾವು ನಿಂತಿದ್ದೆವು. ನಮ್ಮನ್ನು ಯಾರೂ ಗದರಲಿಲ್ಲ. ಸರಿದು ಸಾಲಿನಲ್ಲಿ ಜಾಗ ಕೊಟ್ಟರು. ಮಗನಿಗೆ ಹೇಳಿದೆವು: "ಇಲ್ಲ ಮಗಾ, ಅವರೂ ಸರಿ, ನಾವೂ ಸರಿ. ತಪ್ಪು ಮಾಡಿದ್ದು ಒಮ್ಮೆ ನಿನ್ನ ಅಬ್ಬಾ."

ಪ್ರಿಯ ಓದುಗರೇ, ರಜೆಯಲ್ಲಿ ಮಕ್ಕಳನ್ನು ಕರೆದೊಯ್ಯಿರಿ. ಕಡಲು ತೋರಿಸಿರಿ, ಮೀನೂಟ ಮಾಡಿಸಿರಿ. ಜೊತೆಗೆ ಪರವೂರಿನ ಮಸೀದಿಯ ಸಾಲಿನಲ್ಲಿ ಅಪರಿಚಿತರ ಹೆಗಲಿಗೆ ಹೆಗಲು ತಾಗಿಸಿ ನಿಲ್ಲಿಸಿರಿ. ಹಾಗೆ ನಿಂತ ಮಗು ನಾಳೆ ಸಣ್ಣ ಭಿನ್ನತೆಗಾಗಿ ಜಮಾಅತ್ ಒಡೆಯಲು ಹೋಗಲಾರದು. ಅಲ್ಲಾಹನು ನಮ್ಮ ಹೃದಯಗಳನ್ನು ವಿಶಾಲಗೊಳಿಸಲಿ. ಮೆಲ್ಲಗಾದರೂ ಸರಿ, ಗಟ್ಟಿಯಾಗಿಯಾದರೂ ಸರಿ, ಹೇಳಿರಿ: ಆಮೀನ್.