ಲೆಕ್ಕದ ಇನ್ನೊಂದು ಪ್ರತಿ

ಮನೆಯ ಲೆಕ್ಕವನ್ನು ಬರೆದಿಡುವ ಅಭ್ಯಾಸ ನಮ್ಮಲ್ಲಿ ಹೊಸದೇನೂ ಅಲ್ಲ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲ ಪುಡಿಯನ್ನೂ ಹಚ್ಚಿ ಒಣಗಿಸಿ, ಅದರ ಮೇಲೆ ಬಳಪದಿಂದ ಜಮಾಖರ್ಚು ಬರೆಯುತ್ತಿದ್ದ ಕಾಲವೊಂದಿತ್ತು. ಅದಕ್ಕೆ ಕಡತವೆಂದು ಹೆಸರು. ಇಂದು ಕಂಪ್ಯೂಟರಿನ ಫೈಲಿಗೂ ಕನ್ನಡದಲ್ಲಿ ಅದೇ ಹೆಸರು ಬಂದಿದೆ. ಹೆಸರು ಮಾತ್ರವಲ್ಲ, ಒಂದು ವಿಷಯದಲ್ಲಿ ಗುಣವೂ ಒಂದೇ. ಹಳೆಯ ಕಡತವನ್ನು ಒರೆಸಿದರೆ ಲೆಕ್ಕ ಅಳಿಯುತ್ತಿತ್ತು. ಹೊಸ ಕಡತ ಅಳಿಯುವುದಕ್ಕೆ ಹಾರ್ಡ್ ಡಿಸ್ಕ್ ಕೆಟ್ಟರೆ ಸಾಕು. ಆದ್ದರಿಂದ ಲೆಕ್ಕವನ್ನು ಕಂಪ್ಯೂಟರಿಗೆ ಒಪ್ಪಿಸಿದವರು ಅದರ ಪ್ರತಿಯೊಂದನ್ನು ಬೇರೊಂದು ಕಂಪ್ಯೂಟರಿನಲ್ಲಿ, ಸಾಧ್ಯವಾದರೆ ಬೇರೊಂದು ಮನೆಯಲ್ಲಿ, ಇಡತಕ್ಕದ್ದೆಂಬುದೇ ಈ ಲೇಖನದ ವಾದ.

"ಲೆಕ್ಕ ಹೋದರೆ ಹೋಗಲಿ, ಬ್ಯಾಂಕಿನಲ್ಲಿ ಎಲ್ಲವೂ ಇದೆಯಲ್ಲ" ಎಂದು ಕೆಲವರು ಹೇಳಬಹುದು. ಬ್ಯಾಂಕಿನಲ್ಲಿರುವುದು ಮೊತ್ತ ಮತ್ತು ತಾರೀಖು. ಅಣ್ಣನಿಗೆ ಕೊಟ್ಟ ಐದು ಸಾವಿರ ಕೈಸಾಲವೋ, ಅವನಿಂದ ಪಡೆದದ್ದನ್ನು ಹಿಂದಿರುಗಿಸಿದ್ದೋ ಎಂಬುದು ಬ್ಯಾಂಕಿಗೆ ತಿಳಿಯದು. ನಗದಾಗಿ ಕಟ್ಟಿದ ಚೀಟಿಯ ಕಂತು ಅಲ್ಲಿಲ್ಲ. ಅಕ್ಕನ ಮದುವೆಯಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದರು, ನಾವು ಯಾರಿಗೆ ತಿರುಗಿ ಮಾಡಬೇಕಾಗಿದೆ ಎಂಬುದಂತೂ ಸರ್ವಥಾ ಇಲ್ಲ. ಬಡ್ಡಿಗೆ ಸಾಲ ತಂದ ಮನೆಯಲ್ಲಿ, ಎಷ್ಟು ಕಟ್ಟಿಯಾಯಿತು, ಎಷ್ಟು ಉಳಿಯಿತು ಎಂಬ ಬರಹವೊಂದೇ ಬಡವನ ಪಾಲಿನ ಸಾಕ್ಷಿ. ಆ ಬರಹ ಅಳಿದರೆ ಸಾಲಿಗನ ಮಾತೇ ಲೆಕ್ಕವಾಗುತ್ತದೆ. ಹೀಗಿರುವಲ್ಲಿ ಇದು ಕಂಪ್ಯೂಟರ್ ಬಲ್ಲವರ ಕಸುಬಿನ ಮಾತೆಂದು ಉದಾಸೀನ ಮಾಡುವುದು ಸರಿಯಲ್ಲ.

ಇಂಥ ಲೆಕ್ಕಕ್ಕೆಂದೇ ತಂತ್ರಾಂಶಗಳಿವೆ. 1998ರಿಂದ ಬಳಕೆಯಲ್ಲಿರುವ ಗ್ನೂಕ್ಯಾಶ್ ಅವುಗಳಲ್ಲೊಂದು. ಅದನ್ನು ಯಾರಾದರೂ ಹಣ ತೆರದೆ ಪಡೆಯಬಹುದು. ಲೆಕ್ಕವನ್ನು ಉಳಿಸಿದಾಗಲೆಲ್ಲ ಅದು ಹಿಂದಿನ ಪ್ರತಿಗೆ ತಾರೀಖು, ಗಂಟೆಗಳನ್ನು ಸೇರಿಸಿ ಪಕ್ಕದಲ್ಲಿಯೇ ಇಟ್ಟುಕೊಳ್ಳುತ್ತದೆ. ನೋಡಿದವರು "ಇಷ್ಟೊಂದು ಪ್ರತಿಗಳಿರುವಾಗ ಭಯವೇನು?" ಎಂದು ಸುಮ್ಮನಾಗುತ್ತಾರೆ. ಆದರೆ ಆ ಪ್ರತಿಗಳೆಲ್ಲ ಇರುವುದು ಅದೇ ಡಿಸ್ಕಿನಲ್ಲಿ. ಒಂದೇ ಪೆಟ್ಟಿಗೆಯಲ್ಲಿಟ್ಟ ಹತ್ತು ಪತ್ರಗಳು ಬೆಂಕಿ ಬಿದ್ದ ದಿನ ಹತ್ತೂ ಸುಡುತ್ತವೆ. ಬರೆಯುವಾಗ ಆದ ತಪ್ಪನ್ನು ತಿದ್ದಿಕೊಳ್ಳಲು ಅವು ಉಪಯುಕ್ತ. ಕಂಪ್ಯೂಟರೇ ಕಳುವಾದರೆ ನಿರುಪಯುಕ್ತ.

ಜಮೀನಿನ ಕ್ರಯಪತ್ರದ ವಿಷಯದಲ್ಲಿ ನಮ್ಮ ಹಿರಿಯರು ಈ ವಿವೇಕವನ್ನು ಬಲ್ಲರು. ಮೂಲಪತ್ರ ಮನೆಯ ಬೀರುವಿನಲ್ಲಿ, ಅದರ ನಕಲು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ. ಮನೆಯಲ್ಲಿದ್ದುದನ್ನು ಗೆದ್ದಲು ತಿಂದರೂ ಕಚೇರಿಯಿಂದ ದೃಢೀಕೃತ ಪ್ರತಿ ದೊರೆಯುತ್ತದೆ. ಕಂಪನಿಗಳಿಗೂ ಕಾಯಿದೆಯ ಕಟ್ಟಳೆಯುಂಟು. ಕಂಪ್ಯೂಟರಿನಲ್ಲಿಟ್ಟ ಲೆಕ್ಕಪುಸ್ತಕಗಳ ಬ್ಯಾಕಪ್ ಭಾರತದಲ್ಲಿರುವ ಸರ್ವರಿನಲ್ಲಿ ಇರಬೇಕೆಂಬ ನಿಯಮದಲ್ಲಿ "ನಿಯತಕಾಲಕ್ಕೊಮ್ಮೆ" ಎಂದಿದ್ದುದನ್ನು 2022ರ ಆಗಸ್ಟಿನಲ್ಲಿ "ಪ್ರತಿದಿನ" ಎಂದು ತಿದ್ದಲಾಯಿತು. ಸಂಸಾರಕ್ಕೆ ಇಂಥ ನಿಯಮವನ್ನು ಯಾರೂ ವಿಧಿಸುವುದಿಲ್ಲ, ನಾವೇ ವಿಧಿಸಿಕೊಳ್ಳಬೇಕು.

ಪ್ರತಿ ಬೇರೆ ಕಡೆ ಇದ್ದರೆ ಏನು ಲಾಭವೆಂಬುದಕ್ಕೆ ಚಲನಚಿತ್ರ ಪ್ರಪಂಚದ ಒಂದು ನಿದರ್ಶನವಿದೆ. 1998ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯಲ್ಲಿ "ಟಾಯ್ ಸ್ಟೋರಿ 2" ಚಿತ್ರದ ಕಡತಗಳು ತಪ್ಪು ಆಜ್ಞೆಯೊಂದರಿಂದ ಅಳಿಸಿಹೋದವು. ಸಂಸ್ಥೆಯ ಬ್ಯಾಕಪ್ ತೆಗೆದು ನೋಡಿದರೆ ಅದೂ ಕೆಟ್ಟಿತ್ತು. ಗೇಲಿನ್ ಸುಸ್ಮನ್ ಎಂಬ ತಂತ್ರಜ್ಞೆ ಎಳೆಗೂಸಿನ ತಾಯಿಯಾಗಿದ್ದುದರಿಂದ ಮನೆಯಲ್ಲೇ ಕೆಲಸ ಮಾಡುತ್ತಿದ್ದರು. ಅವರ ಮನೆಯ ಕಂಪ್ಯೂಟರಿನಲ್ಲಿದ್ದ ಪ್ರತಿಯೇ ಚಿತ್ರವನ್ನು ಉಳಿಸಿತು. ಇದರಿಂದ ಕಲಿಯಬೇಕಾದ ಪಾಠ ಎರಡು. ಪ್ರತಿ ಬೇರೆ ಮನೆಯಲ್ಲಿರಬೇಕು. ತೆರೆದು ನೋಡದ ಪ್ರತಿಯನ್ನು ಪ್ರತಿಯೆಂದು ನಂಬಬಾರದು.

"ಅಂತರಜಾಲದಲ್ಲಿ ತಾನಾಗಿಯೇ ಉಳಿಯುತ್ತದಲ್ಲ" ಎಂಬ ಆಕ್ಷೇಪಕ್ಕೂ ಉತ್ತರ ಹೇಳಬೇಕು. ಎರಡು ಕಡೆಯ ಕಡತಗಳನ್ನು ಸದಾ ಒಂದೇ ಸಮನಾಗಿಡುವ ಏರ್ಪಾಡು ಬೇರೆ, ಬ್ಯಾಕಪ್ ಬೇರೆ. ಮೊದಲನೆಯದರಲ್ಲಿ ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ, ಇಲ್ಲಿ ಕೆಟ್ಟದ್ದು ಅಲ್ಲಿಯೂ ಕೆಡುತ್ತದೆ. 2017ರ ಮೇ ತಿಂಗಳಲ್ಲಿ ಲೋಕದ ಅನೇಕ ದೇಶಗಳನ್ನು ಪೀಡಿಸಿದ ವಾನಾಕ್ರೈ ಎಂಬ ಪಿಡುಗು ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಜಾಲದ ಮೂಲಕ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹಬ್ಬಿತು. ಆದಕಾರಣ ಎರಡನೆಯ ಕಂಪ್ಯೂಟರ್ ಮೊದಲನೆಯದಕ್ಕೆ ಸದಾ ಅಂಟಿಕೊಂಡಿರಬಾರದು. ಪೆನ್ ಡ್ರೈವಿನಲ್ಲಿ ಒಯ್ದು ಹಾಕಿ ಬರುವುದೇ ಲೇಸು.

ಹಾಗಾದರೆ ನಮ್ಮ ಮನೆಯ ಗುಟ್ಟು ಬೇರೆಯವರ ಕಂಪ್ಯೂಟರಿನಲ್ಲಿರಬಹುದೇ? ನ್ಯಾಯವಾದ ಪ್ರಶ್ನೆ. ಗ್ನೂಕ್ಯಾಶ್ ತನ್ನ ಕಡತಕ್ಕೆ ಗುಪ್ತಪದವನ್ನು ಹಾಕುವುದಿಲ್ಲ. ಆದರೆ ಸೆವೆನ್-ಜಿಪ್‌ನಂಥ ಉಚಿತ ತಂತ್ರಾಂಶದಿಂದ ಕಡತವನ್ನು ಕಟ್ಟಿ ಗುಪ್ತಪದ ಹಾಕಿಕೊಟ್ಟರೆ, ಇಟ್ಟುಕೊಂಡವರು ಅದನ್ನು ಕಾಯಬಲ್ಲರೇ ಹೊರತು ಓದಲಾರರು. ಆ ಗುಪ್ತಪದ ಮನೆಯಲ್ಲಿ ಇನ್ನೊಬ್ಬರಿಗಾದರೂ ತಿಳಿದಿರಲಿ. ಯಜಮಾನನೊಡನೆ ಬೀಗದ ಕೈಯೂ ಹೋಗಿಬಿಟ್ಟರೆ ಪ್ರತಿಯಿದ್ದು ಫಲವೇನು?

ವಿಧಾನ ಸುಲಭವಾದದ್ದು. ತಿಂಗಳಿಗೊಮ್ಮೆ ಲೆಕ್ಕವನ್ನು ಉಳಿಸಿ, ತಂತ್ರಾಂಶವನ್ನು ಮುಚ್ಚಿ, ಕಡತದ ಹೆಸರಿಗೆ ತಾರೀಖು ಸೇರಿಸಿ ಕಟ್ಟಿ ಒಯ್ಯಬೇಕು. ಹಳೆಯದರ ಮೇಲೆ ಹೊಸದನ್ನು ಬರೆಯದೆ ಮೂರು ನಾಲ್ಕು ತಿಂಗಳ ಪ್ರತಿಗಳನ್ನಾದರೂ ಉಳಿಸಿಕೊಳ್ಳಬೇಕು. ಆಗಾಗ ಅಲ್ಲಿಯೇ ತೆರೆದು, ಕೊನೆಯ ಬಾಕಿ ತಾಳೆಯಾಗುತ್ತದೆಯೇ ಎಂದು ನೋಡಿ, ಮತ್ತೆ ಮುಚ್ಚಿಡಬೇಕು. ಕಡತದೊಡನೆ ಅದನ್ನು ಓದುವ ತಂತ್ರಾಂಶವೂ ಇರಲಿ. ಮೈಕ್ರೋಸಾಫ್ಟಿನ "ಮನಿ" ಎಂಬ ತಂತ್ರಾಂಶದ ಮಾರಾಟ 2009ರಲ್ಲಿ ನಿಂತುಹೋಯಿತು. ಓದುವ ಸಾಧನವೇ ಇಲ್ಲವಾದರೆ ಕಡತವಿದ್ದೂ ಲೆಕ್ಕವಿಲ್ಲ.

ಕಾಲೇಜಿನ ಪ್ರಯೋಗಾಲಯದ ಕಂಪ್ಯೂಟರುಗಳು ಹತ್ತಾರು ಕೈಗಳಲ್ಲಿ ಓಡಾಡತಕ್ಕವು. ಲೆಕ್ಕ ಇಡುವುದಕ್ಕೆ ಅವು ಯೋಗ್ಯವಲ್ಲ. ಆದರೆ ಲೆಕ್ಕ ಕಾಯುವ ಕ್ರಮವನ್ನು ಕಲಿಸುವುದಕ್ಕೆ ಅವು ಸಾಕು. ನಮ್ಮ ಅಧ್ಯಾಪಕರು ವರ್ಷದ ಮೊದಲಲ್ಲಿ ಒಂದು ಗಂಟೆಯನ್ನು ಇದಕ್ಕೆ ಮೀಸಲಿಟ್ಟರೆ ಪದವಿಗಿಂತ ಹೆಚ್ಚು ಕಾಲ ಬಾಳುವ ವಿದ್ಯೆಯೊಂದನ್ನು ಕೊಟ್ಟಂತಾಗುತ್ತದೆ. ಸಹಪಾಠಿಗಳಲ್ಲಿ ನನ್ನ ವಿನಂತಿ ಇಷ್ಟೆ: ನಂಬಿಕೆಯ ಮಿತ್ರರಿಬ್ಬರು ಸೇರಿ, "ನಿನ್ನದನ್ನು ನಾನು ಇಟ್ಟುಕೊಳ್ಳುತ್ತೇನೆ, ನನ್ನದನ್ನು ನೀನು ಇಟ್ಟುಕೋ" ಎಂದು ಒಪ್ಪಂದ ಮಾಡಿಕೊಳ್ಳಿ. ಇದಕ್ಕೆ ಖರ್ಚು ಒಂದು ಪೆನ್ ಡ್ರೈವಿನಷ್ಟು. ಉಳಿಯುವುದು ಎರಡು ಸಂಸಾರಗಳ ಲೆಕ್ಕ.