ಅಂಗಡಿ ಉರಿದದ್ದು ಕಂಡಿತು, ಜನ ನಡೆದದ್ದು ಕಾಣಲಿಲ್ಲವೇ?

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗ ಬಂಧುಗಳೇ,

2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಬಿಳಿಯ ಪೊಲೀಸನೊಬ್ಬ ಕಪ್ಪು ಜನಾಂಗದ ಜಾರ್ಜ್ ಫ್ಲಾಯ್ಡ್ ಅವರ ಕತ್ತಿನ ಮೇಲೆ ಒಂಬತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಮಂಡಿಯೂರಿ ಕೊಂದ. ಆ ವಾರ ಪ್ರತಿಭಟನೆ ಎದ್ದಾಗ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡಿದ್ದು ಮಾತ್ರ ಉರಿಯುವ ಅಂಗಡಿಗಳ ವಿಡಿಯೊ. "ನ್ಯಾಯ ಕೇಳೋಕೆ ಇದೇನಾ ದಾರಿ?" ಎಂದು ಕೇಳಿದವರು ಬಹಳ. ಆ ಬೇಸಿಗೆಯಲ್ಲಿ ದೇಶದ ಉದ್ದಗಲಕ್ಕೂ ನಡೆದ ಸಾವಿರಾರು ಮೆರವಣಿಗೆಗಳಲ್ಲಿ ಬಹುಪಾಲು ಒಂದು ಕಲ್ಲೂ ತೂರದೆ ಮುಗಿದವು. ಅವನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ.

ಆದರೂ ಪ್ರಶ್ನೆ ನ್ಯಾಯವಾದದ್ದೇ. ಯಾವ ದಾರಿಯಿಂದ ಏನು ಸಿಕ್ಕಿತು, ನೋಡೋಣ.

1955ರ ಡಿಸೆಂಬರ್ 1. ಅಲಬಾಮಾದ ಮಾಂಟ್ಗೊಮರಿಯಲ್ಲಿ ಬಿಳಿಯರಿಗೆ ಬಸ್ಸಿನ ಸೀಟು ಬಿಟ್ಟುಕೊಡದ ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಅವರನ್ನು ಬಂಧಿಸಿದರು. ಅದೇ ರಾತ್ರಿ ಜೋ ಆ್ಯನ್ ರಾಬಿನ್ಸನ್ ಎಂಬ ಇಂಗ್ಲಿಷ್ ಅಧ್ಯಾಪಕಿ ತಮ್ಮ ಕಾಲೇಜಿನ ಸೈಕ್ಲೋಸ್ಟೈಲ್ ಯಂತ್ರದ ಮುಂದೆ ನಿಂತರು. ಹಾಳೆಗೆ ಮೂರು ಕರಪತ್ರ ಬರುವಂತೆ ಸ್ಟೆನ್ಸಿಲ್ ಮಾಡಿ, ಬೆಳಗಾಗುವುದರೊಳಗೆ ಹತ್ತಾರು ಸಾವಿರ ಪ್ರತಿ ತೆಗೆದು, ಕತ್ತರಿಸಿ, ಕಟ್ಟು ಕಟ್ಟಿದರು. ಜತೆಗಿದ್ದವರು ಒಬ್ಬ ಸಹೋದ್ಯೋಗಿ, ಇಬ್ಬರು ವಿದ್ಯಾರ್ಥಿಗಳು. ಸೋಮವಾರ ಬಸ್ ಹತ್ತಬೇಡಿ, ಅದರಲ್ಲಿದ್ದ ಕರೆ ಇಷ್ಟೇ.

ಒಂದು ದಿನಕ್ಕೆಂದು ಕೊಟ್ಟ ಕರೆ 381 ದಿನ ನಡೆಯಿತು. ಪ್ರಯಾಣಿಕರಲ್ಲಿ ಮುಕ್ಕಾಲು ಪಾಲು ಕಪ್ಪು ಜನ; ಬಸ್ಸುಗಳು ಖಾಲಿ ಓಡಿದವು. ಮನೆಗೆಲಸದ ಹೆಂಗಸರು ಮೈಲಿಗಟ್ಟಲೆ ನಡೆದೇ ಹೋದರು. ಹೋರಾಟದ ಮುಂದಾಳು ಮಾರ್ಟಿನ್ ಲೂಥರ್ ಕಿಂಗ್ ಅವರ ಮನೆಗೆ ಬಾಂಬ್ ಬಿತ್ತು. ಸಿಟ್ಟಿನಿಂದ ಸೇರಿದ್ದ ಜನರನ್ನು ಅವರೇ ಸಮಾಧಾನಪಡಿಸಿ ಮನೆಗೆ ಕಳಿಸಿದರು. ಕೊನೆಗೆ ಬಸ್ಸಿನಲ್ಲಿ ಬಣ್ಣದ ಭೇದ ಕೂಡದೆಂದು ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಇದೇನು ಸಾಧು ಹೋರಾಟವಲ್ಲ, ಬಸ್ ಕಂಪನಿಯ ಗಲ್ಲಾಪೆಟ್ಟಿಗೆಗೆ ಚೆನ್ನಾಗಿ ಬಿಸಿ ಮುಟ್ಟಿಸಿದ ಹೋರಾಟ.

ಬೆಂಕಿಯಿಂದ ಏನೂ ಆಗಲಿಲ್ಲವೇ? ಆಯಿತು, ಸುಳ್ಳು ಹೇಳಬಾರದು. 1968ರಲ್ಲಿ ವಸತಿ ತಾರತಮ್ಯ ನಿಷೇಧಿಸುವ ಮಸೂದೆ ಕೆಳಮನೆಯಲ್ಲಿ ಕೂತಿತ್ತು. ಏಪ್ರಿಲ್ 4ರಂದು ಕಿಂಗ್ ಅವರ ಕೊಲೆಯಾಯಿತು. ನೂರಕ್ಕೂ ಹೆಚ್ಚು ಊರುಗಳು ಹೊತ್ತಿಕೊಂಡವು, ವಾಷಿಂಗ್ಟನ್ನಿಗೆ ಸೈನ್ಯ ಬಂತು. ಏಪ್ರಿಲ್ 10ಕ್ಕೆ ಮಸೂದೆ ಪಾಸು, 11ಕ್ಕೆ ಅಧ್ಯಕ್ಷ ಜಾನ್ಸನ್ ಸಹಿ! ವರ್ಷಗಟ್ಟಲೆ ಎಳೆದಾಡಿದ ಕೆಲಸ ಒಂದೇ ವಾರದಲ್ಲಿ ಮುಗಿಯಿತು.

ಆದರೆ ಅದೇ ಕಾನೂನಿನೊಳಗೆ ಗಲಭೆಗೆ ಕುಮ್ಮಕ್ಕು ಕೊಡುವವರನ್ನು ಜೈಲಿಗಟ್ಟುವ ಕಲಮನ್ನೂ ಸೇರಿಸಿದ್ದರು. ಆ ನವೆಂಬರಿನಲ್ಲಿ 'ಕಾನೂನು ಸುವ್ಯವಸ್ಥೆ' ಎನ್ನುತ್ತಲೇ ನಿಕ್ಸನ್ ಗೆದ್ದರು. ವಾಷಿಂಗ್ಟನ್ನಿನ ಎಚ್ ಸ್ಟ್ರೀಟ್‌ನಂಥ ಕಪ್ಪು ಜನರ ಪೇಟೆಬೀದಿಗಳು ದಶಕಗಳ ಕಾಲ ಹಾಳು ಬಿದ್ದವು. ದೊರೆ ಎಚ್ಚರಗೊಂಡ, ಬಿಲ್ಲು ಕಟ್ಟಿದ್ದು ಬಡವರ ಕೇರಿ. ಹೀಗಾಗಿ ನಮ್ಮ ಆಯ್ಕೆ ನಡಿಗೆಯ ದಾರಿ. ಹಾಗೆಂದು ಮನೆಯಲ್ಲಿ ಕೂತುಕೊಂಡು, ಸಿಟ್ಟಿನಿಂದ ಉರಿಯುವವರಿಗೆ ಬುದ್ಧಿ ಹೇಳುವ ಹಕ್ಕು ನಮಗಿಲ್ಲ. ಅವರು ಶಾಂತವಾಗಿ ನಡೆದಾಗ ನಾವು ಎಲ್ಲಿದ್ದೆವು?

ನಮಗೂ ಇದಕ್ಕೂ ಏನು ಸಂಬಂಧ ಎನ್ನುವವರು ತಮ್ಮ ಪಾಸ್‌ಪೋರ್ಟ್ ತೆಗೆದು ನೋಡಲಿ. 1965ಕ್ಕೆ ಮುಂಚೆ ಭಾರತಕ್ಕೆ ಇದ್ದ ವಲಸೆ ಕೋಟಾ ವರ್ಷಕ್ಕೆ ಬರೀ 100 ಜನ. ಆ ವರ್ಷ ಅಲಬಾಮಾದ ಸೆಲ್ಮಾದಲ್ಲಿ ಮತದಾನದ ಹಕ್ಕಿಗಾಗಿ ನಡೆದು ಸೇತುವೆಯ ಮೇಲೆ ಪೊಲೀಸರ ಲಾಠಿಯೇಟು ತಿಂದವರಿಂದಾಗಿ ಆ ಆಗಸ್ಟಿನಲ್ಲಿ ಮತದಾನದ ಹಕ್ಕಿನ ಕಾನೂನು ಬಂತು. ಅದೇ ಸಂಸತ್ತು, ಅದೇ ಗಾಳಿಯಲ್ಲಿ, ವಲಸೆ ಕಾನೂನನ್ನೂ ಬದಲಿಸಿತು; ಅಕ್ಟೋಬರಿನಲ್ಲಿ ಅದಕ್ಕೆ ಸಹಿ ಬಿತ್ತು. ನಮ್ಮ ಎಂಜಿನಿಯರು, ಡಾಕ್ಟರುಗಳು ಬಂದದ್ದು ಆ ಬಾಗಿಲಿನಿಂದ.

ಮಂಗಳೂರಿನ ಮಗಳು, ಸ್ವಾತಂತ್ರ್ಯ ಹೋರಾಟಗಾರ್ತಿ ಕಮಲಾದೇವಿ ಚಟ್ಟೋಪಾಧ್ಯಾಯ ಅದಕ್ಕೂ ಮೊದಲೇ, 1940ರ ಆಸುಪಾಸಿನಲ್ಲಿ, ಈ ದೇಶದ ದಕ್ಷಿಣದಲ್ಲಿ ರೈಲು ಹತ್ತಿದ್ದರು. ಬಿಳಿಯರ ಡಬ್ಬಿಯಿಂದ ಏಳಿ ಎಂದ ಟಿಕೆಟ್ ಕಲೆಕ್ಟರ್. ಆಮೇಲೆ ಇವರು ಹೊರದೇಶದವರಿರಬಹುದೆಂಬ ಅನುಮಾನ ಬಂದು ಯಾವ ದೇಶ ಎಂದು ವಿಚಾರಿಸಿದ. ಭಾರತೀಯಳು ಎಂದಿದ್ದರೆ ಪಾರಾಗುತ್ತಿದ್ದರು. ಹಾಗನ್ನಲಿಲ್ಲ, ತಾನೂ ಕಪ್ಪು ಬಣ್ಣದವಳೇ, ಏಳುವುದಿಲ್ಲ ಎಂದು ಕೂತೇ ಬಿಟ್ಟರು. ನಾವೋ, ಮನೆ ಕೊಳ್ಳುವಾಗ "ಆ ಏರಿಯಾ ಅಷ್ಟು ಚೆನ್ನಾಗಿಲ್ಲ ಕಣ್ರೀ" ಎಂದು ದನಿ ತಗ್ಗಿಸುತ್ತೇವೆ.

ಫ್ಲಾಯ್ಡ್ ಹೆಸರಿನ ಪೊಲೀಸ್ ಸುಧಾರಣಾ ಮಸೂದೆ ಕೆಳಮನೆ ದಾಟಿ ಸೆನೆಟ್‌ನಲ್ಲಿ ನಿಂತುಹೋಯಿತು. ಕೆಲಸ ಬಾಕಿ ಇದೆ.

ಜೂನ್ 19, ಗುಲಾಮಗಿರಿ ಮುಗಿದ ಸುದ್ದಿ 1865ರಲ್ಲಿ ಟೆಕ್ಸಾಸಿಗೆ ಮುಟ್ಟಿದ ದಿನ. ಅಂದು ನಿಮ್ಮ ಊರಿನ ಮೆರವಣಿಗೆಗೆ ಬನ್ನಿ, ಮಕ್ಕಳನ್ನೂ ಕರೆತನ್ನಿ. ಯಾರು ಕೆಣಕಿದರೂ ಕೈ ಎತ್ತಬೇಡಿ. ವೀಸಾದ ಭಯವಿದ್ದವರು ನೀರು, ಊಟ ಹಂಚಲು ನಿಲ್ಲಿ. ಪೌರರಾದವರು ಪೊಲೀಸ್ ಬಜೆಟ್ ಚರ್ಚೆಯಾಗುವ ದಿನ ಸಿಟಿ ಕೌನ್ಸಿಲ್‌ಗೆ ಹೋಗಿ ಹೆಸರು ಕೊಟ್ಟು ಮಾತಾಡಿ, ನವೆಂಬರಿನಲ್ಲಿ ಓಟು ಹಾಕಿ. ಓದಿದ ಮೇಲೆ ಈ ಹಾಳೆಯನ್ನು ಎಸೆಯಬೇಡಿ, ಇನ್ನೊಂದು ಕನ್ನಡ ಮನೆಗೆ ತಲುಪಿಸಿ.

— ಜತೆಗೆ ನಡೆಯಲಿರುವ ಕೆಲವು ಕನ್ನಡಿಗರು